ಟೋಪಿಯೊಳಗಿನ ಅಡುಗೆಮನೆ

ದಾವಣಗೆರೆಯ ನಮ್ಮ ಇಂಜಿನಿಯರಿಂಗ್ ಕಾಲೇಜಿಗೆ ವರ್ಚುವಲ್ ರಿಯಾಲಿಟಿ ಬಂದ ದಿನ ಕರೆಂಟ್ ಇರಲಿಲ್ಲ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಕರೆಂಟ್ ಇದ್ದರೇ ವಿಶೇಷ. ಆದರೆ ಮುಖ್ಯ ಅತಿಥಿಗಳು ಬಂದುಬಿಟ್ಟಿದ್ದರು, ಹಾರ ಬಂದಿತ್ತು, ಫೋಟೋದವನೂ ಬಂದಿದ್ದ. ಉದ್ಘಾಟನೆ ನಡೆಯಲೇಬೇಕಿತ್ತು. ಅತಿಥಿಗಳಿಗೆ ಶಾಲು ಹೊದಿಸಿ ಪೇಟ ತೊಡಿಸಿದ ಮೇಲೆ, ನಮ್ಮ ವಿಭಾಗದ ಮುಖ್ಯಸ್ಥರು ಯಂತ್ರವನ್ನು, ಅಂದರೆ ಎರಡೂ ಕಣ್ಣು ಮುಚ್ಚುವ ಹಾಗೆ ತಲೆಗೆ ಬಿಗಿದುಕೊಳ್ಳುವ ಆ ಕರಿ ಡಬ್ಬಿಯನ್ನು, ಪೇಟದ ಮೇಲೆಯೇ ಏರಿಸಲು ನೋಡಿದರು. ಅದು ಹತ್ತಲಿಲ್ಲ. ಪೇಟ ತೆಗೆದರೆ ಅತಿಥಿಗೆ ಅಗೌರವ, ಡಬ್ಬಿ ಬಿಟ್ಟರೆ ಕಾರ್ಯಕ್ರಮಕ್ಕೆ ಅಪಚಾರ. ಕೊನೆಗೆ ಒಬ್ಬರು ಪೇಟವನ್ನು ಹಿಂದಕ್ಕೆ ವಾಲಿಸಿ ಹಿಡಿದರು, ಇನ್ನೊಬ್ಬರು ಡಬ್ಬಿಯನ್ನು ಮುಖಕ್ಕೆ ಒತ್ತಿ ಹಿಡಿದರು. ಅತಿಥಿಗಳು ಆ ಗವ್ವೆನ್ನುವ ಕತ್ತಲಲ್ಲಿ ಸ್ವಲ್ಪ ಹೊತ್ತು ಅತ್ತಿತ್ತ ತಿರುಗಿ, "ಭಾಳ ಅದ್ಭುತ ಐತೆ. ನಮ್ಮ ಭಾಗದ ಮಕ್ಕಳಿಗೆ ಇದು ಬೇಕಾಗಿತ್ತು ನೋಡ್ರಿ" ಎಂದರು. ಚಪ್ಪಾಳೆ ಬಿತ್ತು. ಯಂತ್ರ ಆನ್ ಆಗಿಲ್ಲ ಎಂದು ಹೇಳಲು ನಾನು ಬಾಯಿ ತೆರೆದೆ. ಮುಖ್ಯಸ್ಥರು ನನ್ನ ಕಾಲು ತುಳಿದರು.

ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದ ಎಳೆಯ ಮೇಷ್ಟ್ರು. ಪಾಠದ ಜೊತೆಗೆ ಸಂಶೋಧನೆಯನ್ನೂ ಹಚ್ಚಿಕೊಂಡಿದ್ದೆ. ಮನುಷ್ಯರು ಕಂಪ್ಯೂಟರಿನ ಜೊತೆ ಹೇಗೆ ಒಡನಾಡುತ್ತಾರೆ, ಎಲ್ಲಿ ಎಡವುತ್ತಾರೆ, ಎಲ್ಲಿ ಸಿಟ್ಟಾಗುತ್ತಾರೆ ಎಂದು ನೋಡಿ ಯಂತ್ರವನ್ನು ತಿದ್ದುವ ವಿದ್ಯೆ ನನ್ನದು. ಇದನ್ನು ಸರಸ್ವತಿ ನಗರದ ನನ್ನ ಬಾಡಿಗೆ ಮನೆಯ ಯಜಮಾನರಿಗೆ ಒಂದು ಭಾನುವಾರ ಪೂರ್ತಿ ವಿವರಿಸಿದ್ದೆ. ಎಲ್ಲ ಕೇಳಿದ ಮೇಲೆ ಅವರು, "ಅಂದ್ರೆ ಕಂಪ್ಯೂಟರ್ ರಿಪೇರಿ ಅನ್ರಿ" ಎಂದು ಎದ್ದುಹೋದರು. ಕಾಲೇಜಿನಲ್ಲಿ ಅಷ್ಟು ತಿಳಿವಳಿಕೆಯೂ ಇರಲಿಲ್ಲ. ಅಲ್ಲಿ ಕಂಪ್ಯೂಟರ್ ಎಂದರೆ ಗರ್ಭಗುಡಿ. ಚಪ್ಪಲಿ ಹೊರಗೆ ಬಿಟ್ಟು, ಪರದೆ ಸರಿಸಿ, ತಣ್ಣನೆಯ ಕೋಣೆಗೆ ಉಸಿರು ಬಿಗಿಹಿಡಿದು ಹೋಗಬೇಕು. ಆಯುಧಪೂಜೆಗೆ ಮಾನಿಟರಿನ ಹಣೆಗೆ ಮೂರೆಳೆ ವಿಭೂತಿ ಹಚ್ಚುತ್ತಿದ್ದರು, ಅದನ್ನು ಒರೆಸಲು ಮುಂದಿನ ಆಯುಧಪೂಜೆಯವರೆಗೆ ಯಾರಿಗೂ ಧೈರ್ಯವಿರುತ್ತಿರಲಿಲ್ಲ. ದೇವರನ್ನು ಬಳಸುವವರಿಗೆ ಅನುಕೂಲವಾಗುವಂತೆ ತಿದ್ದಬೇಕು ಎಂದು ಹೊರಟವನನ್ನು ಅಲ್ಲಿನವರು ಯಾವ ಕಣ್ಣಿನಿಂದ ನೋಡಿರಬೇಕು, ನೀವೇ ಯೋಚಿಸಿ.

ನಾನು ಆರಿಸಿಕೊಂಡ ವಿಷಯ ಮನೆ. ಊರು ಆಗ ದಿಕ್ಕುದಿಕ್ಕಿಗೆ ಬೆಳೆಯುತ್ತಿತ್ತು, ನಿಜಲಿಂಗಪ್ಪ ಬಡಾವಣೆಯ ಕಡೆ ಹೋದರೆ ಎಲ್ಲಿ ನೋಡಿದರೂ ಜಲ್ಲಿ ರಾಶಿ. ಮನೆ ಕಟ್ಟಿಸುವವರು ಇಂಜಿನಿಯರ್ ಬರೆದುಕೊಟ್ಟ ನೀಲಿ ನಕಾಶೆಯನ್ನು ತಲೆಕೆಳಗಾಗಿ ಹಿಡಿದು ತಲೆಯಾಡಿಸುತ್ತಿದ್ದರು, ಗೋಡೆ ಎದ್ದ ಮೇಲೆ "ಅಯ್ಯೋ, ಬಚ್ಚಲು ಇಲ್ಲಿ ಬಂತಾ?" ಎಂದು ಬಾಯಿ ಬಿಡುತ್ತಿದ್ದರು. ಅದೇ ಮನೆಯನ್ನು ನನ್ನ ಡಬ್ಬಿಯೊಳಗೆ ಮೊದಲೇ ಕಟ್ಟಿ ತೋರಿಸಿದರೆ? ಕಣ್ಣಿಗೆ ಬಿಗಿದುಕೊಂಡು ತಲೆ ತಿರುಗಿಸಿದರೆ ಕೋಣೆಯೂ ತಿರುಗುತ್ತದೆ, ಕೈಯಲ್ಲಿನ ಹಿಡಿಯನ್ನು ಮುಂದಕ್ಕೆ ಒತ್ತಿದರೆ ಪಡಸಾಲೆಯಿಂದ ಅಡುಗೆಮನೆಗೆ ಹೋಗಬಹುದು. ತಿರುಗುವಾಗ ಗೋಡೆಗಳು ಒಂದು ಗಳಿಗೆ ತಡವಾಗಿ ಹಿಂದೆ ಬರುತ್ತಿದ್ದವು, ಹೊಟ್ಟೆ ತೊಳಸುತ್ತಿತ್ತು. ಅದೇ ನನಗೆ ಬೇಕಾಗಿದ್ದುದು. ನಡೆಯುತ್ತ ನಡೆಯುತ್ತ ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಿ ಎಂದು ಕೇಳುವುದು, ಅದನ್ನು ಟೇಪ್ ರೆಕಾರ್ಡರಿನಲ್ಲಿ ಹಿಡಿಯುವುದು ನನ್ನ ಪದ್ಧತಿ. ಬೈಗುಳ ಬಂದಷ್ಟೂ ಸಂಶೋಧನೆ ಬೆಳೆಯುತ್ತದೆ.

ಬೈಗುಳ ಬರಲಿಲ್ಲ. ಕರೆದವರೆಲ್ಲ ಬಂದರು, ಡಬ್ಬಿ ಬಿಗಿದುಕೊಂಡರು, ಓಲಾಡಿದರು, ಬೆವರಿದರು, "ಚಲೋ ಐತ್ರಿ" ಎಂದರು. ಬಟ್ಟೆ ಅಂಗಡಿಯ ಸಾಹುಕಾರರೊಬ್ಬರು ಕಣ್ಣು ಕತ್ತಲೆ ಬಂದು ಮೇಜು ಹಿಡಿದು ನಿಂತರು. "ಏನನ್ನಿಸ್ತು ಹೇಳ್ರಿ" ಎಂದೆ. "ಎಲ್ಲಾ ಚಲೋ ಐತೆ ಮೇಷ್ಟ್ರೇ, ಸ್ವಲ್ಪ ನೀರು ಕೊಡ್ರಿ" ಎಂದರು. ಟೇಪಿನ ಮೇಲೆ ಟೇಪು ತುಂಬಿತು, ಎಲ್ಲದರಲ್ಲೂ ಇದೊಂದೇ ಮಾತು. ಬೇರೆ ಊರಿನ ವಿಶ್ವವಿದ್ಯಾಲಯದಲ್ಲಿದ್ದ ನನ್ನ ಮಾರ್ಗದರ್ಶಕರು ಅವನ್ನು ಕೇಳಿ ಫೋನಿನಲ್ಲೇ ಸಿಡುಕಿದರು. ಒಂದು ದೂರೂ ಇಲ್ಲದ ಪ್ರಯೋಗ ಪ್ರಯೋಗವೇ ಅಲ್ಲ, ನಾನು ಪ್ರಬಂಧ ಓದಬೇಕಿದ್ದ ವಿಚಾರ ಸಂಕಿರಣ ಬರುವುದರೊಳಗೆ ಒಬ್ಬರಾದರೂ ನಿಜ ಹೇಳದಿದ್ದರೆ ವಿಷಯ ಬದಲಿಸು ಎಂದರು.

ತಪ್ಪು ಎಲ್ಲಿತ್ತೆಂದು ಹೇಳಿದವರು ಅದೇ ಬಟ್ಟೆ ಅಂಗಡಿಯವರು. ಮುಂದೊಂದು ದಿನ ಬಜಾರಿನಲ್ಲಿ ಸಿಕ್ಕಾಗ ನಾನು ಗೋಳು ತೋಡಿಕೊಂಡೆ. ಅವರು ನಕ್ಕರು. "ಬಂದ ಕೂಡ್ಲೇ ಮಂಡಕ್ಕಿ ಮೆಣಸಿನಕಾಯಿ ತಿನ್ನಿಸಿದ್ರಿ. ಮ್ಯಾಲೆ ಚಾ ಕುಡಿಸಿದ್ರಿ. ನಿಮ್ಮ ಮಂಡಕ್ಕಿ ತಿಂದು, ನಿಮ್ಮೆದುರಿಗೇ ನಿಮ್ಮ ಸಾಮಾನು ಕೆಟ್ಟದು ಅಂತ ಹೆಂಗೆ ಅನ್ನಾದು? ನಾವೇನು ಮನುಷ್ಯರಲ್ವಾ?" ಎಂದರು. ನಾನು ಓದಿದ ದಪ್ಪ ಪುಸ್ತಕಗಳಲ್ಲಿ ಭಾಗವಹಿಸುವವರನ್ನು ಆದರದಿಂದ ಕಾಣಿರಿ ಎಂದಿತ್ತು. ಆದರವೆಂದರೆ ನಮ್ಮಲ್ಲಿ ಮಂಡಕ್ಕಿ. ಮಂಡಕ್ಕಿ ನಿಲ್ಲಿಸಿ ನೋಡಿದೆ. ಬಂದವರ ಮುಖ ಊದಿತೇ ಹೊರತು ಬಾಯಿ ತೆರೆಯಲಿಲ್ಲ.

ಇಂಥ ಹೊತ್ತಿನಲ್ಲಿ ಅಕ್ಕ ಬಂದಳು. ಅಕ್ಕನನ್ನು ಹರಿಹರಕ್ಕೆ ಕೊಟ್ಟಿತ್ತು. ಹಳೆಯ ವ್ಯಾಪಾರಸ್ಥರ ಮನೆ. ಕಡರನಾಯಕನಹಳ್ಳಿಯ ಕಡೆ ಗದ್ದೆ, ಊರೊಳಗೆ ಕಾಳಿನ ಅಂಗಡಿ. ಈಗ ವ್ಯಾಪಾರವನ್ನು ದಾವಣಗೆರೆಗೆ ತರಬೇಕೆಂದು ನಿಜಲಿಂಗಪ್ಪ ಬಡಾವಣೆಯಲ್ಲಿ ಮನೆ ಕಟ್ಟಿಸಲು ಹಿಡಿದಿದ್ದರು. ಪಾಯ ಮುಗಿದಿತ್ತು. ಅಕ್ಕ ಬುಟ್ಟಿಯಿಂದ ರೊಟ್ಟಿ, ಶೇಂಗಾ ಚಟ್ನಿ ತೆಗೆದಿಟ್ಟಳು. ಅವುಗಳ ಅಡಿಯಿಂದ ಮನೆಯ ನಕಾಶೆಯನ್ನೂ ತೆಗೆದು ನನ್ನ ಮುಂದೆ ಹರಡಿದಳು.

"ಇದು ಅಡಿಗಿ ಮನಿ. ಇಲ್ಲಿ, ಒಲಿ ಎದುರಿಗೆ, ಬೀದಿ ಕಡೆಗೊಂದು ಕಿಟಕಿ ಇತ್ತು. ಈಗ ಎಲ್ಲೈತೆ ಹುಡುಕು."

"ಕಪಾಟು ಅಂತ ಬರ್ದಾರಲ್ಲ."

"ಬೀದಿಗೆ ಒಲಿ ಕಾಣಬಾರದಂತೆ. ಮಾವಾರು ಇಂಜಿನಿಯರ್‌ಗೆ ಹೇಳಿ ಮುಚ್ಚಿಸ್ಯಾರೆ. ಅಲ್ಲಿ ಉಪ್ಪಿನಕಾಯಿ ಭರಣಿ ಇಡಬೇಕಂತೆ."

ಹರಿಹರದ ಮನೆಯ ಅಡುಗೆಮನೆ ನನಗೆ ಗೊತ್ತಿತ್ತು. ಒಳಗಿನ ಒಳಗೆ, ಮಸಿ ಹಿಡಿದ ಗೋಡೆ, ಮಾಡಿನಲ್ಲೊಂದು ಅಂಗೈಯಗಲದ ಬೆಳಕಿಂಡಿ. ಮದುವೆಯಾದಾಗಿನಿಂದ ಅಕ್ಕ ಅಲ್ಲಿಯೇ ಇದ್ದಳು. ಹೊಸ ಮನೆ ಎಂದಾಗ ಆಕೆ ಆಸೆಪಟ್ಟದ್ದು ಆ ಒಂದು ಕಿಟಕಿಗೆ ಮಾತ್ರ. ಗೋಡೆ ಎದ್ದರೆ ಮುಗಿಯಿತು. ಮುಂದಿನ ಆಯುಷ್ಯವೆಲ್ಲ ಭರಣಿಗಳ ಎದುರು.

"ಭಾವಂಗೆ ಹೇಳು," ಎಂದೆ.

"ಹೇಳಿದೆ. ಅಪ್ಪಾಜಿ ಒಂದ್ಸಲ ಅಂದ ಮ್ಯಾಲೆ ಮುಗೀತು ಅಂದ್ರು."

"ಮಾವಾರಿಗೇ ಕೇಳು ಮತ್ತೆ."

"ಅವ್ರೆದುರಿಗೆ ನಾ ಯಾವತ್ತು ಬಾಯಿ ತೆಗ್ದೀನಿ? ನೀ ಹೇಳು."

"ನಾ ಹೆಂಗೆ ಹೇಳ್ಲಿ? ಬೀಗರ ಮನಿ ವಿಷಯ. ಹೆಣ್ಣು ಕೊಟ್ಟೋರು ಈಗ ಕಿಟಕಿನೂ ಕೇಳಾಕೆ ಬಂದ್ರು ಅಂತಾರೆ."

ಅಕ್ಕ ನಕಾಶೆ ಮಡಚಿದಳು. ಅದನ್ನು ನನ್ನ ಕಡೆ ಸರಿಸಿ, "ನಿನ್ನ ಆ ಟೋಪಿ ಮನಿ ತೋರಿಸ್ತೈತಲ್ಲ, ಅದನ್ನ ಹರಿಹರಕ್ಕೆ ತಗಂಡು ಬಾ. ಎಲ್ರಿಗೂ ತೋರಿಸ್ದಂಗೂ ಆತು, ನಿನ್ನ ಪರೀಕ್ಷೆ ಆದಂಗೂ ಆತು" ಎಂದಳು. ಕಣ್ಣಾರೆ ಕಂಡರೆ ಮಾವನಿಗೇ ಅಡುಗೆಮನೆ ಕತ್ತಲೆ ಎಂದು ತಿಳಿಯುತ್ತದೆ ಎನ್ನುವುದು ಆಕೆಯ ಲೆಕ್ಕಾಚಾರ ಎಂದುಕೊಂಡೆ. ನನಗೂ ನಿಜವಾಗಿ ಮನೆ ಕಟ್ಟಿಸುತ್ತಿರುವ ಒಂದು ಕುಟುಂಬ ಬೇಕಿತ್ತು. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅಕ್ಕ ಕೊಟ್ಟುಹೋದ ನಕಾಶೆ ನೋಡಿ, ಕಪಾಟಿನ ಸಮೇತ ಆ ಮನೆಯನ್ನು ಕಂಪ್ಯೂಟರಿನೊಳಗೆ ಕಟ್ಟಿದೆ.

ಮುಖ್ಯಸ್ಥರು ಡಬ್ಬಿಯನ್ನು ಬೀರುವಿನಿಂದ ಹೊರಗೆ ಬಿಡಲು ಗೊಣಗಿದರು. ಅದು ಉದ್ಘಾಟನೆಯಾದ ವಸ್ತು, ಬಳಸಿದರೆ ಹಾಳಾಗುತ್ತದೆ ಎಂಬುದು ಅವರ ಆತಂಕ. ನನ್ನ ಪ್ರಬಂಧ ಪತ್ರಿಕೆಯಲ್ಲಿ ಬಂದರೆ ವಿಭಾಗದ ಹೆಸರೂ ಬರುತ್ತದೆ ಎಂದ ಮೇಲೆ ಬೀಗ ತೆಗೆದರು. ಕಂಪ್ಯೂಟರು, ಅದರ ಅಪ್ಪನಂಥ ಮಾನಿಟರು, ಬ್ಯಾಟರಿ ಪೆಟ್ಟಿಗೆ, ವಯರಿನ ಗಂಟು ಎಲ್ಲವನ್ನೂ ಹಾಸಿಗೆಯಲ್ಲಿ ಸುತ್ತಿ ಲಗೇಜ್ ಆಟೋದಲ್ಲಿ ಹರಿಹರಕ್ಕೆ ಹೊರಟೆ. ಡಬ್ಬಿಯನ್ನು ಮಾತ್ರ ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಪ್ರತಿ ಗುಂಡಿಗೂ ನನ್ನ ಸಂಶೋಧನೆ ಎಗರಿ ಕೂರುತ್ತಿತ್ತು.

ಪಡಸಾಲೆಯಲ್ಲಿ ಎಲ್ಲ ಜೋಡಿಸಿದೆ. ಅಕ್ಕನ ಮಾವ ಕುರ್ಚಿಯಲ್ಲಿ ಕುಳಿತಿದ್ದರು, ಕೈಯಲ್ಲಿ ಬೆಳ್ಳಿ ಹಿಡಿಯ ಕೋಲು. ಮೊಣಕಾಲು ನೋವಿನಿಂದ ಆ ಕೋಲಿಲ್ಲದೆ ಅವರು ಹೆಜ್ಜೆ ಇಡುತ್ತಿರಲಿಲ್ಲ. ಅದು ನೆಲಕ್ಕೆ ಬಿದ್ದ ಸದ್ದಿಗೆ ಮನೆಯ ಬೆಕ್ಕೂ ಎದ್ದು ನಿಲ್ಲುತ್ತಿತ್ತು. ಪಕ್ಕದಲ್ಲಿ ಅಕ್ಕನ ಅತ್ತೆ, ಬಾಗಿಲಿಗೆ ಒರಗಿ ಭಾವ. ನಾನು ಬೀಗರ ಕಡೆಯ ಹುಡುಗನಾದ್ದರಿಂದ ಇಲ್ಲಿ ಉಪಚಾರ ಅವರದು. ನನಗೇ ಅವಲಕ್ಕಿ, ಬಾಳೆಹಣ್ಣು, ಚಾ ಬಂದವು. ಹೀಗಾದರೂ ಮಂಡಕ್ಕಿಯ ಋಣ ತಪ್ಪಿತು, ಇವತ್ತು ಸತ್ಯ ಹೊರಬೀಳುತ್ತದೆ ಎಂದು ಹಿಗ್ಗಿದೆ.

ಮಾವ ಕುಳಿತಲ್ಲೇ ಡಬ್ಬಿ ಕಟ್ಟಿಸಿಕೊಂಡರು. ಅವರ ವಿಭೂತಿ ಅದರ ಅಂಚಿಗೆ ಮೆತ್ತಿತು. ಹೊಸ ಮನೆಯನ್ನೆಲ್ಲ ತಿರುಗಿ ಬಂದರು, ಅಡುಗೆಮನೆಯ ಬಾಗಿಲವರೆಗೂ ಹೋದರು, ಒಳಗೆ ಮಾತ್ರ ಕಾಲಿಡಲಿಲ್ಲ. ಕಂಪ್ಯೂಟರಿನೊಳಗೂ ಅವರು ಅಡುಗೆಮನೆಗೆ ಹೋಗುವ ಗಂಡಸಲ್ಲ. "ಚಲೋ ಐತೆ" ಎಂದರು. ಅತ್ತೆ ದೇವರ ಜಗಲಿ ಹುಡುಕಿ, ಸಿಕ್ಕ ಕೂಡಲೇ ಕೈಮುಗಿದು ಹಿಡಿ ಬಿಟ್ಟುಬಿಟ್ಟರು. ಎಷ್ಟು ಹೇಳಿದರೂ ಅಲ್ಲಿಂದ ಮುಂದೆ ಹೋಗಲಿಲ್ಲ. "ಚಲೋ ಐತಪ್ಪಾ, ದೇವ್ರು ಚಲೋ ಕಾಣ್ತಾನೆ" ಎಂದರು. ನಾನು ಅಲ್ಲಿ ದೇವರನ್ನು ಇಟ್ಟಿರಲೇ ಇಲ್ಲ, ಬರೀ ಬೂದು ಬಣ್ಣದ ಕಟ್ಟೆ. ಭಾವ ಬೈಕು ನಿಲ್ಲಿಸುವ ಜಾಗ ನೋಡಿ ಅಲ್ಲಿಗೇ ಮುಗಿಸಿದರು. ಅವರಿಗೂ ಎಲ್ಲ ಚಲೋ. ನಾನು ತಲೆ ಮೇಲೆ ಕೈ ಹೊತ್ತು ಕುಳಿತೆ. ನನ್ನ ವಿಷಯವೂ ಹೋಯಿತು, ಅಕ್ಕನ ಕಿಟಕಿಯೂ ಹೋಯಿತು.

"ಸೊಸೆಗೂ ತೋರ್ಸಪಾ," ಎಂದರು ಅತ್ತೆ. ಅಕ್ಕ ಸೆರಗು ಹೊದ್ದ ತಲೆಯ ಮೇಲೆಯೇ ಡಬ್ಬಿ ಕಟ್ಟಿಸಿಕೊಂಡಳು. ನಾನು ಯಾಂತ್ರಿಕವಾಗಿ ಟೇಪ್ ಒತ್ತಿ, ಕಂಡದ್ದನ್ನು, ಅನ್ನಿಸಿದ್ದನ್ನು ಬಾಯಿಬಿಟ್ಟು ಹೇಳುತ್ತ ಹೋಗು ಎಂದು ಎಲ್ಲರಿಗೂ ಹೇಳುವ ಪಾಠವನ್ನು ಹೇಳಿದೆ.

"ಬಾಗಿಲು. ಇದು ಪಡಸಾಲಿ. ದೊಡ್ಡದೈತೆ. ಗಂಡಸ್ರು ಕೂಡೋ ಜಾಗ ಅಲ್ವಾ, ದೊಡ್ಡದೇ ಇರ್ತೈತೆ," ಎಂದಳು ಅಕ್ಕ. ನಾನು ತಲೆ ಎತ್ತಿದೆ. ಆಕೆಯ ದನಿ ಆ ಮನೆಯಲ್ಲಿ ನಾನು ಎಂದೂ ಕೇಳದಷ್ಟು ದೊಡ್ಡದಿತ್ತು. "ಈಗ ಅಡಿಗಿ ಮನಿಗೆ ಬಂದೆ. ಎಡಕ್ಕೆ ಗೋಡೆ. ಬಲಕ್ಕೆ ಗೋಡೆ. ಒಲಿ ಎದುರಿಗೆ ಕಪಾಟು. ಲೇ ತಮ್ಮ, ನಿನ್ನ ಕಂಪ್ಯೂಟರ್‌ನಾಗೂ ನಂಗೆ ಗೋಡೆನೇ ಏನೋ?"

ಮಾವನ ಕೈ ಕೋಲಿನ ಮೇಲೆ ಬಿಗಿಯಾಯಿತು. ನಿಲ್ಲಿಸಬೇಕೋ ಬೇಡವೋ? ಪ್ರಯೋಗ ನಡೆಯುವಾಗ ನಡುವೆ ಬಾಯಿ ಹಾಕಬಾರದು ಎನ್ನುತ್ತದೆ ಶಾಸ್ತ್ರ. ನಾನು ಹಾಕಲಿಲ್ಲ, ಅದಕ್ಕೆ ಶಾಸ್ತ್ರದ ಮೇಲಿನ ಭಕ್ತಿಗಿಂತ ಹೆದರಿಕೆಯೇ ಕಾರಣ.

"ಈ ಮನಿಗೆ ಬಂದಾಗಿಂದ ಗೋಡೆ ನೋಡ್ಕಂತ ರೊಟ್ಟಿ ಬಡ್ದೀನಿ. ಹೊರಗ ಮಳಿ ಬಂತಾ, ಹಾಕಿದ ಹಪ್ಪಳ ನೆಂದ್ವಾ, ಯಾರಾದ್ರೂ ಒಳಗ ಬಂದು ಹೇಳಿದ್ರೇ ಗೊತ್ತು ನಂಗೆ. ನಮ್ಮತ್ತೆನೂ ಹಂಗೇ ಬಡಿದ್ರು. ಹೊಗಿ ಕುಡ್ದು ಕುಡ್ದು ಅವ್ರ ಕಣ್ಣು ಮಂಜಾದ್ವು. ಆವಮ್ಮಗೆ ಏನು ಬೇಕು ಅಂತ ಒಬ್ರೂ ಕೇಳ್ಲಿಲ್ಲ. ಬೀದಿಯಾಗ ಹೋಗೋರು ಒಲಿ ನೋಡ್ತಾರೆ ಅಂತಾರೆ. ಒಲಿ ನೋಡಿದ್ರೆ ಏನಾಗ್ತೈತೆ? ಅದಲ್ಲ, ನಾನು ಬೀದಿ ನೋಡಿಬಿಟ್ಟೇನು ಅಂತ ಹೆದ್ರಿಕೆ ಇರಬೇಕು. ಕಿಟಕಿ ಮುಚ್ಚಾಕೆ ಹೇಳೋರು ಒಂದಿನ ಇಲ್ಲಿ ನಿಂತು ಅಡಿಗಿ ಮಾಡ್ಲಿ. ಆಮ್ಯಾಲೆ ಮುಚ್ಲಿ."

ಆಕೆ ಹೀಗೆ ಹೇಳುತ್ತಲೇ ಇರುವಾಗ ಮಾವ ಎದ್ದರು. ಮುಗಿಯಿತು, ಇವತ್ತು ಈ ಮನೆಯಲ್ಲಿ ರಾದ್ಧಾಂತ ಎಂದುಕೊಂಡೆ. ಆದರೆ ಅವರು ಕೋಲನ್ನು ನೆಲಕ್ಕೆ ಊರಲಿಲ್ಲ. ಅದನ್ನು ಕಂಕುಳಲ್ಲಿ ಇರುಕಿಕೊಂಡು, ಒಂದು ಕೈಯಿಂದ ಗೋಡೆ ಸವರುತ್ತ, ನೋವಿಗೆ ಹಲ್ಲು ಕಚ್ಚಿ, ಒಂದೊಂದೇ ಹೆಜ್ಜೆ ಇಟ್ಟು ಹೊರಟರು. ಹೋಗುತ್ತ ಹೆಂಡತಿಗೂ ಮಗನಿಗೂ ಕಣ್ಣಿನಲ್ಲೇ ಸನ್ನೆ ಮಾಡಿದರು. ಅತ್ತೆ ಸದ್ದಾಗದಂತೆ ಬಳೆಗಳನ್ನು ಮೊಣಕೈವರೆಗೆ ಏರಿಸಿಕೊಂಡು, ಸೆರಗಿನಿಂದ ಕಣ್ಣೊರೆಸುತ್ತ ಹಿಂದೆ ಹೋದರು. ಭಾವ ಕೊನೆಯವರು, ಕಳ್ಳ ಬೆಕ್ಕಿನ ಹಾಗೆ ಹೊಸಿಲು ದಾಟಿದರು. ತುಸು ಹೊತ್ತಿಗೆ ಅಂಗಳದಿಂದ ಮಾವನ ದನಿ ಬೇಕೆಂದೇ ಜೋರಾಗಿ ಕೇಳಿಸಿತು: "ಕಡರನಾಯಕನಹಳ್ಳಿ ಗದ್ದಿಗೆ ನೀರು ಬಿಟ್ರಂತೇನೋ?" ಸೊಸೆಯ ಮಾತು ತಾವು ಕೇಳಿಲ್ಲ, ತಾವು ಅಲ್ಲಿ ಇರಲೇ ಇಲ್ಲ ಎಂದು ಇಡೀ ಕೇರಿಗೆ ಸಾರುವ ದನಿ ಅದು.

ಅಕ್ಕ ಡಬ್ಬಿ ಕಳಚಿ ಸೆರಗು ಸರಿಮಾಡಿಕೊಂಡಳು. ಖಾಲಿ ಕುರ್ಚಿಗಳನ್ನು ನೋಡಿ, "ಎಲ್ರೂ ಎಲ್ಲಿ ಹೋದ್ರು?" ಎಂದಳು.

"ನೀ ಟೋಪಿ ಹಾಕ್ಕಂಡ ಕೂಡ್ಲೇ ಎದ್ದು ಹೋದ್ರು. ಯಾರೂ ಏನೂ ಕೇಳಿಲ್ಲ," ಎಂದೆ.

"ಹೌದಾ? ಚಲೋ ಆತು ಬಿಡು," ಎಂದು ಆಕೆ ಮತ್ತೆ ಚಾ ಇಡಲು ಒಳಗೆ ಹೋದಳು.

ಮುಂದಿನ ವಾರ ಬಡಾವಣೆಯ ಕಟ್ಟಡದ ಹತ್ತಿರ ಹೋದಾಗ ಮಾವ ಅಲ್ಲಿದ್ದರು. ಅಡುಗೆಮನೆಯ ಬೀದಿ ಕಡೆಯ ಮೂಡಣ ಗೋಡೆ ಸೊಂಟದೆತ್ತರಕ್ಕೆ ಬಂದಿತ್ತು. ಅವರು ಕೋಲಿನಿಂದ ಅದನ್ನು ತಟ್ಟಿ, "ಇಲ್ಲಿ ಕಿಟಕಿ ಬಿಡ್ರಿ, ದೊಡ್ಡದೇ ಬಿಡ್ರಿ. ಮೂಡಲ ಬೆಳಕು ಒಲಿ ಮ್ಯಾಲೆ ಬೀಳಬೇಕಂತ ಶಾಸ್ತ್ರದಾಗೈತೆ" ಎನ್ನುತ್ತಿದ್ದರು. ಇಂಜಿನಿಯರ್ ಗಲಿಬಿಲಿಯಾಗಿ, "ನೀವೇ ಮುಚ್ಚು ಅಂದಿದ್ರಲ್ರೀ ಯಜಮಾನ್ರೇ" ಎಂದ. "ಆವಾಗ ಶಾಸ್ತ್ರ ಸಿಕ್ಕಿರಲಿಲ್ಲ" ಎಂದು ಅವರು ನನ್ನ ಕಡೆ ತಿರುಗಿಯೂ ನೋಡದೆ ಆಚೆ ನಡೆದರು.

ನಾನು ಪ್ರಬಂಧ ಬರೆದೆ. ಹೆಸರಿಲ್ಲದೆ, ಊರಿಲ್ಲದೆ, ಒಬ್ಬ ಗೃಹಿಣಿ ಎಂದಷ್ಟೇ ಬರೆದೆ. ಕಣ್ತುಂಬ ದೃಶ್ಯವಿದ್ದಾಗ ಮನುಷ್ಯರು ಸುತ್ತಲಿನ ಜನರ ಇರವನ್ನೇ ಮರೆಯುತ್ತಾರೆ, ಹಾಗೆ ಮರೆತಾಗ ಹಿರಿಯರ ಭಯ ಕಳಚಿ ಸತ್ಯ ಹೊರಬರುತ್ತದೆ ಎನ್ನುವುದು ನನ್ನ ಸಿದ್ಧಾಂತ. ಮಾರ್ಗದರ್ಶಕರು ಹಿರಿಹಿರಿ ಹಿಗ್ಗಿದರು. ವಿಚಾರ ಸಂಕಿರಣದಲ್ಲಿ ಯಾರೋ ಒಬ್ಬರು ಹೀಗೆ ಮರೆತವರು ಎಷ್ಟು ಜನ ಎಂದು ಕೇಳಿದರು. ಒಬ್ಬರು, ಆದರೆ ಬಹಳ ಆಳವಾಗಿ ಎಂದೆ. ಅದಕ್ಕೂ ಚಪ್ಪಾಳೆ ಬಿತ್ತು. ಪ್ರಬಂಧ ಅಚ್ಚಾಯಿತು, ವಿಭಾಗದ ಹೆಸರು ಬಂತು, ಮುಖ್ಯಸ್ಥರು ಡಬ್ಬಿಯನ್ನು ಮತ್ತೆ ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಗೃಹಪ್ರವೇಶದ ದಿನ ಅಚ್ಚಾದ ಹಾಳೆಗಳನ್ನು ಜೇಬಿನಲ್ಲಿಟ್ಟುಕೊಂಡೇ ಹೋದೆ. ಅಕ್ಕ ಕಿಟಕಿಯ ಹತ್ತಿರ ಹಾಲಿನ ಪಾತ್ರೆ ತೊಳೆಯುತ್ತ ನಿಂತಿದ್ದಳು. ಮೈಮೇಲೆ ಬಿಸಿಲು ಬಿದ್ದಿತ್ತು. ಆ ಕಿಟಕಿ ನನ್ನಿಂದ ಬಂದದ್ದು ಎಂಬ ಜಂಭ ನನಗೆ. ಇನ್ನು ಹೇಳಿದರೆ ತಪ್ಪಿಲ್ಲವೆನಿಸಿ, ಅವತ್ತು ಎಲ್ಲರೂ ಅಲ್ಲೇ ಕುಳಿತು ಕೇಳಿಸಿಕೊಂಡರು, ನಡುವೆ ಎದ್ದು ಹೋದರು ಎಂದು ಪಿಸುಗುಟ್ಟಿದೆ. ಆಕೆ ಗಾಬರಿಯಾಗಲಿ ಎಂದು ಕಾದೆ.

"ಗೊತ್ತಿತ್ತು," ಎಂದಳು ಅಕ್ಕ.

"ಏನು ಗೊತ್ತಿತ್ತು?"

"ನೀ ಕಟ್ಟಿದ್ದು ಕಣ್ಣಿಗೆ, ಕಿವಿಗಲ್ಲ. ನೇರ ಹೇಳಿದ್ರೆ ಎದುರು ಮಾತಾಡಿದ್ಲು ಅಂತಿದ್ರು. ಟೋಪಿ ಹಾಕ್ಕಂಡು ಹೇಳಿದ್ರೆ ಯಾರಿಗೆ ಹೇಳಿದಂಗಾತು? ಅದಕ್ಕೇ ತಗಂಡು ಬಾ ಅಂದಿದ್ದು." ಆಕೆ ಪಾತ್ರೆ ಬೋರಲು ಹಾಕಿದಳು. "ಕುರ್ಚಿ ಕಿರ್ ಅಂದಾಗ ಮಾವಾರು ಎದ್ರು ಅಂತ ಗೊತ್ತಾತು. ಕೋಲಿನ ಸದ್ದು ಬರಲಿಲ್ಲ. ಅಯ್ಯೋ, ಕೋಲು ಊರದಂಗೆ ಹೊಂಟಾರೆ, ಎಲ್ಲಿ ಬಿದ್ದುಬಿಡ್ತಾರೋ ಅಂತ ಜೀವ ಕೈಯಾಗ ಹಿಡ್ಕಂಡಿದ್ದೆ. ಆದ್ರೂ ಅವ್ರು ಹೊಸ್ಲು ದಾಟಾತನ ಮಾತು ನಿಲ್ಲಿಸಲಿಲ್ಲ. ನಿಲ್ಲಿಸಿದ್ರೆ, ಅವ್ರು ಅಲ್ಲಿದ್ದದ್ದು ನಂಗೆ ಗೊತ್ತು ಅಂತ ಅವ್ರಿಗೆ ಗೊತ್ತಾಗ್ತಿತ್ತು."

ಜೇಬಿನ ಹಾಳೆಗಳನ್ನು ಹೊರಗೆ ತೆಗೆಯುವ ಧೈರ್ಯ ನನಗೆ ಬರಲಿಲ್ಲ. ಅಷ್ಟರಲ್ಲಿ ಮಾವ ನಾಲ್ಕಾರು ಬೀಗರನ್ನು ಕರೆದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು, ಕೋಲಿನಿಂದ ಕಿಟಕಿ ತೋರಿಸುತ್ತ, ಮೂಡಲ ಬೆಳಕಿನ ಶಾಸ್ತ್ರವನ್ನು ಮೊದಲಿನಿಂದ ವಿವರಿಸತೊಡಗಿದರು. ಅಕ್ಕ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮೊದಲ ಸಲ ಕೇಳುತ್ತಿರುವವಳಂತೆ ಕೊನೆಯವರೆಗೂ ತಲೆಯಾಡಿಸುತ್ತ ನಿಂತಳು.